ಮೌಸ್ ಕೇಳಿದ ಮೇಷ್ಟ್ರು

ಹೆಣ್ಣು ನೋಡೋಕೆ ಬಂದ ಹುಡುಗನ ಸೋದರಮಾವ ರಿಟೈರಾದ ಇಂಗ್ಲಿಷ್ ಮೇಷ್ಟ್ರು. ರಿಟೈರಾಗಿದ್ದು ಕೆಲಸ ಮಾತ್ರ, ನಾಲಗೆ ಅಲ್ಲ. ಉಪ್ಪಿಟ್ಟು ಮುಗಿಸಿ ಎಲ್ಲರೆದುರೇ ಶುರುಹಚ್ಚಿಕೊಂಡ್ರು.

"ಒಂದಾದ್ರೆ ಕ್ಯಾಟ್, ಎರಡಾದ್ರೆ ಕ್ಯಾಟ್ಸ್. ಒಂದಾದ್ರೆ ಮೌಸ್, ಎರಡಾದ್ರೆ ಏನಮ್ಮ?"

ಹುಡುಗಿ ಸುಗುಣಂಗೆ ಗೊತ್ತಿಲ್ಲ. ಕಿವಿ ಕೆಂಪಾಯ್ತು. ಅಪ್ಪ ತಲೆ ತಗ್ಗಿಸಿ ಚಾಪೆ ನೋಡ್ತಾ ಕೂತ. ಸಂಬಂಧ ತಪ್ಪಿದ್ರೆ, ಇಲಿಗೆ ಸೋತ ಹುಡುಗಿ ಅಂತ ಊರೆಲ್ಲ ಆಡ್ಕೊಳ್ಳುತ್ತೆ.

"ಗಂಡಿನ ಮುಂದೆ ನಾನೇ ಮೊದಲು ಬಾಯಿ ಬಿಟ್ರೆ ಚೆನ್ನಾಗಿರಲ್ಲ ಮಾಮ," ಅಂದ್ಲು. "ಅವರು ಹೇಳ್ಲಿ, ಆಮೇಲೆ ನಾನು."

ಹುಡುಗ ಬೆವರಿ, "ಮೌಸಸ್" ಅಂದ.

ಮೈಸ್ ಅನ್ಬೇಕಿತ್ತು ಅಂತ ಮೇಷ್ಟ್ರಿಗೆ ಗೊತ್ತು. ತಪ್ಪು ಅಂದ್ರೆ ತಮ್ಮ ಹುಡುಗನ ಮಾನವೇ ಹೋಗುತ್ತೆ.

"ಸರಿನಾ ಮಾಮ?" ಅಂದ್ಲು ಸುಗುಣ.

ಮೇಷ್ಟ್ರು ಖಾಲಿ ಕಾಫಿ ಲೋಟದೊಳಗೆ ಮುಖ ಹುದುಗಿಸಿ, "ಸರಿ" ಅಂದ್ರು.

"ಹಾಗಾದ್ರೆ ನಂದೂ ಅದೇ."