ಬೋಲ್ಟಿನ ಮೇಲೆ ಒಂದು ಗೆರೆ ವಿಭೂತಿ

ಮುದ್ದುವೀರ ಸ್ವಾಮಿಗಳು ಕಾವಿ ಉಡುವ ಮುಂಚೆ ಇಪ್ಪತ್ತೆರಡು ವರ್ಷ ಸೈನ್ಯದ ಲಾರಿಗಳ ಕೆಳಗೆ ಮಲಗಿ ರಿಪೇರಿ ಮಾಡಿದವರು. ಭಕ್ತರು ಅದನ್ನು ತಪಸ್ಸೆಂದು ಪರಿಗಣಿಸಿರಲಿಲ್ಲ. ಸ್ವಾಮಿಗಳೂ ಒತ್ತಾಯಿಸಿರಲಿಲ್ಲ.

ಕಾಡಿನ ಅಂಚಿಗೆ, ಹೊಳೆಯ ದಡದಲ್ಲಿ ಅವರ ಮಠ. ಮಠಕ್ಕೊಂದು ಹಳೆಯ ಫೋರ್ ವೀಲ್ ಜೀಪು.

ಜೀಪು ಓಡಿಸುತ್ತಿದ್ದವನು ಶಿಷ್ಯ ನಂಜದೇವ. ಎಂಜಿನಿಯರಿಂಗ್ ಮುಗಿಸಿ, ಶಾಂತಿ ಬೇಕೆಂದು ಬಂದಿದ್ದ. ಸ್ವಾಮಿಗಳು ಕೀಲಿ ಕೊಟ್ಟಿದ್ದರು.

ಒಂದು ಮಂಗಳವಾರ ಬೆಳಿಗ್ಗೆ ಪುಟ್ಟಮಾದಮ್ಮ ಬಂದು ಮಠದ ಜಗುಲಿಯ ಮೇಲೆ ಕೂತಳು. ಎರಡು ಕಿಡ್ನಿಯೂ ಕೈಕೊಟ್ಟಿದ್ದ ಹೆಂಗಸು. ವಾರಕ್ಕೆ ಎರಡು ಸಲ ನಂಜದೇವ ಅವಳನ್ನು ಅರವತ್ತು ಕಿಲೋಮೀಟರ್ ಆಚೆಯ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದ. ಅವಳ ಊರಿಂದ ಬೇರೆ ಗಾಡಿ ಇರಲಿಲ್ಲ.

ಸ್ವಾಮಿಗಳು ಅವಳ ಕಾಲು ನೋಡಿದರು. "ಯಾಕಮ್ಮ ಹೀಗೆ ಊದಿದೆ?"

"ಮಿಷನ್ನಿಂದ ಮುಕ್ಕಾಲು ಗಂಟೆ ಮುಂಚೆನೇ ಎಬ್ಬಿಸ್ತಾರೆ ಬುದ್ಧಿ. ನನ್ನ ಹಿಂದಿನವರು ಕಾಯ್ತಾ ಇರ್ತಾರಲ್ಲ, ಅವರ್ದೇನು ತಪ್ಪು. ನಾವು ಹೋಗೋದೇ ತಡ."

"ಯಾಕೆ ತಡ?"

"ನಿಮ್ಮ ಶಿಷ್ಯನ್ನ ಕೇಳಿ. ನನ್ನ ಮದುವೆಯ ಎತ್ತಿನಗಾಡಿ ಇದಕ್ಕಿಂತ ಜೋರಾಗಿ ಹೋಗಿತ್ತು."

ನಂಜದೇವ ಜೀಪು ಒರೆಸುತ್ತಿದ್ದ. ಇನ್ನಷ್ಟು ಶ್ರದ್ಧೆಯಿಂದ ಒರೆಸತೊಡಗಿದ.

"ಎಷ್ಟರಲ್ಲಿ ಓಡಿಸ್ತೀಯ?" ಎಂದರು ಸ್ವಾಮಿಗಳು.

"ಮೂವತ್ತರಲ್ಲಿ, ಬುದ್ಧಿ."

"ಯಾಕೆ?"

"ಅಮ್ಮನ ಕ್ಷೇಮಕ್ಕೆ."

ಪುಟ್ಟಮಾದಮ್ಮ ಕಾಲಿಗೆ ಬೆರಳು ಒತ್ತಿ ತೆಗೆದಳು. ಗುಳಿ ಹಾಗೆಯೇ ಉಳಿಯಿತು.

"ಮುಂಚೆ ಹೊರಡಬಹುದಲ್ಲ?"

"ಫಾರೆಸ್ಟ್ ಗೇಟು ತೆಗೆಯೋದೇ ಆರಕ್ಕೆ."

"ಸ್ಟೀರಿಂಗ್ ನಡುಗೋದು ವಾಸಿಯಾಯ್ತು ಅಂದಿದ್ದೆಯಲ್ಲ."

"ಆಗಿದೆ ಬುದ್ಧಿ. ಹೊಸ ಡ್ಯಾಂಪರ್ ಹಾಕಿದ್ದೀನಿ."

ಡ್ಯಾಂಪರ್ ಎಂದರೆ ಸೈಕಲ್ ಪಂಪಿನಂಥ ಒಂದು ಕೊಳವೆ. ಚಕ್ರ ಅದುರಿದರೆ ಆ ಅದುರು ಸ್ಟೀರಿಂಗಿಗೆ ಬಾರದಂತೆ ನುಂಗಿಕೊಳ್ಳುತ್ತದೆ. ನುಂಗುವಷ್ಟು ದಿನ.

"ಹಾಗಾದ್ರೆ ನಲವತ್ತಕ್ಕೆ ಏನಾಗುತ್ತೆ?"

ನಂಜದೇವ ಹೊಳೆಯ ಕಡೆ ನೋಡಿದ. "ನಲವತ್ತಕ್ಕೆ ನಾನು ಹೋಗಲ್ಲ."

"ಒಂದಿನ ಹೋಗಿದ್ದ," ಎಂದಳು ಪುಟ್ಟಮಾದಮ್ಮ. "ಎರಡು ಕೈಯೂ ಗಡಗಡ ನಡುಗ್ತು. ಇವನಿಗೂ ಏನೋ ಕಾಯಿಲೆ ಇರಬೇಕು ಪಾಪ, ಅಂತ ನಾನು ಕೇಳೋಕೆ ಹೋಗಲಿಲ್ಲ."

"ಮತ್ತೆ ಯಾವಾಗ ನಿನ್ನ ಸರದಿ?"

"ನಾಳೆ, ಬುದ್ಧಿ."

ಸ್ವಾಮಿಗಳು ಕಾವಿ ಮೇಲೆತ್ತಿ ಕಟ್ಟಿ, ಸ್ಪ್ಯಾನರ್ ಹಿಡಿದು ಜೀಪಿನ ಕೆಳಗೆ ತೂರಿದರು. ಸ್ವಲ್ಪ ಹೊತ್ತಿಗೆ ಡ್ಯಾಂಪರ್ ಜಗುಲಿಯ ಮೇಲೆ, ಪುಟ್ಟಮಾದಮ್ಮನ ಪಕ್ಕದಲ್ಲಿ ಬಂದು ಕೂತಿತು.

"ಈಗ ಓಡಿಸು."

"ಅದಿಲ್ಲದೆ ಸ್ಟೀರಿಂಗ್ ಹಿಡಿಯೋಕಾಗಲ್ಲ ಬುದ್ಧಿ."

"ಅದಕ್ಕೇ ತೆಗೆದದ್ದು."

ಮಠದ ಹಿಂದೆ ಒಂದು ಮೈಲಿ ನೇರ ರಸ್ತೆ. ಹಗಲಲ್ಲೂ ಜನ ಇರುವುದಿಲ್ಲ. ಮುಳ್ಳು ನಲವತ್ತಕ್ಕೆ ಬಂದಾಗ, ಮೋರಿಯ ಹತ್ತಿರ, ಮುಂಚಕ್ರ ಒಂದು ಗುಂಡಿಗೆ ಬಿತ್ತು. ಸ್ಟೀರಿಂಗ್ ಎಡಕ್ಕೂ ಬಲಕ್ಕೂ ಹೊಡೆದುಕೊಳ್ಳತೊಡಗಿತು. ನಂಜದೇವ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಕೊಡುವ ಫೋರ್ ವೀಲ್ ಲಿವರಿಗೆ ಕೈ ಹಾಕಿದ.

"ಅದನ್ನ ಬಿಡು," ಎಂದರು ಸ್ವಾಮಿಗಳು. "ಎರಡು ಚಕ್ರ ನಡುಗೋದು ಸಾಲದಾ? ಬ್ರೇಕ್ ಒತ್ತು."

ಜೀಪು ನಿಂತ ಮೇಲೆಯೇ ನಡುಕ ನಿಂತದ್ದು.

"ಏನು ಕೇಳಿಸ್ತು?"

"ನನ್ನ ಹಲ್ಲು, ಬುದ್ಧಿ."

ಮಠಕ್ಕೆ ಮರಳಿ ಟಯರಿನ ಗಾಳಿ ನೋಡಿದರು. ಸರಿಯಿತ್ತು. ಚಕ್ರ ಎತ್ತಿ ಅಲುಗಿಸಿದರು. ಬೇರಿಂಗೂ ಸರಿಯಿತ್ತು.

"ಎಲ್ಲಾ ಜಾಯಿಂಟೂ ಹೊಸದು ಹಾಕಿಬಿಡೋಣ," ಎಂದ ನಂಜದೇವ.

"ಆಗ ಯಾವುದು ಸಡಿಲ ಇತ್ತು ಅಂತ ಗೊತ್ತಾಗೋದು ಹೇಗೆ?"

"ಗೊತ್ತಾಗೋದು ಯಾಕೆ ಬೇಕು ಬುದ್ಧಿ, ನಡುಕ ನಿಂತರೆ ಸಾಕಲ್ಲ?"

"ಜಾಯಿಂಟು ಹೊಸದಾದ್ರೂ ಸಡಿಲ ಮಾಡಿದವನು ಹೊಸಬ ಆಗಲ್ವಲ್ಲ." ಸ್ವಾಮಿಗಳು ಕೈ ಒರೆಸಿಕೊಂಡರು. "ಒಂದು ಗಟ್ಟಿ ವಿಭೂತಿ ತಾ."

ನಂಜದೇವ ಅನುಮಾನದಿಂದ ನೋಡಿದ. "ಜೀಪಿಗೆ ಪೂಜೆ ಆಯುಧಪೂಜೆ ದಿನವೇ ಆಯ್ತಲ್ಲ."

"ಹೌದು. ನೀರೂ ತಾ."

ಸ್ವಾಮಿಗಳು ಬಟ್ಟೆಯಿಂದ ಒಂದೊಂದೇ ಜಾಯಿಂಟಿನ ಗ್ರೀಸು ಒರೆಸಿದರು. ವಿಭೂತಿ ನೀರಲ್ಲಿ ಕಲಸಿ ಪ್ರತಿಯೊಂದರ ಮೇಲೂ ಬೆರಳಿನಿಂದ ಒಂದು ಗೆರೆ ಎಳೆದರು. ಗೆರೆಯ ಅರ್ಧ ಬೋಲ್ಟಿನ ತಲೆಯ ಮೇಲೆ, ಇನ್ನರ್ಧ ಪಕ್ಕದ ಕಬ್ಬಿಣದ ಮೇಲೆ. ಆ ಮಠದಲ್ಲಿ ಹಚ್ಚಿದ ವಿಭೂತಿಯಲ್ಲಿ ಉತ್ತರ ಕೊಡಬೇಕಾಗಿ ಬಂದದ್ದು ಇದೊಂದೇ.

ಒಣಗಿದ ಮೇಲೆ ಮತ್ತೆ ಮೋರಿಯವರೆಗೆ ಹೋಗಿ, ನಡುಗಿ, ಬಂದರು.

"ಕೆಳಗೆ ಹೋಗಿ ನೋಡು."

ನಂಜದೇವ ಅಂಗಾತ ಮಲಗಿ ತೂರಿದ. "ಎಂಟು ಗೆರೆ, ಬುದ್ಧಿ. ಏಳು ಹಾಗೇ ಇವೆ."

"ಇನ್ನೊಂದು?"

"ಮುರಿದಿದೆ."

ಮುರಿದದ್ದು ಅಡ್ಡ ರಾಡಿನ ಬೋಲ್ಟಿನ ಮೇಲೆ. ಮುಂದಿನ ಆಕ್ಸಲ್ ಅತ್ತಿತ್ತ ಸರಿಯದಂತೆ ಚಾಸಿಗೆ, ಎಂದರೆ ಜೀಪಿನ ಚೌಕಟ್ಟಿಗೆ, ಕಟ್ಟಿ ಹಿಡಿಯುವ ರಾಡು ಅದು.

"ಅದರ ಮೇಲೆ ಕೈ ಇಟ್ಟಿರು." ಸ್ವಾಮಿಗಳು ಮೇಲೆ ಕೂತು ಸ್ಟೀರಿಂಗನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ತಿರುಗಿಸಿದರು. ಬೋಲ್ಟು ನಂಜದೇವನ ಅಂಗೈ ಕೆಳಗೆ ಟಕ್ ಎಂದು ಸರಿಯಿತು. ಮತ್ತೆ ಟಕ್ ಎಂದು ಬಂತು.

ಜಾಕ್ ಏರಿಸಿ ಬೋಲ್ಟು ಬಿಚ್ಚಿದಾಗ ರಾಡಿಗೂ ಚಾಸಿಗೂ ನಡುವಿನಿಂದ ಹೊಳೆಯುವ ಪುಡಿ ಉದುರಿತು. ಸ್ವಾಮಿಗಳು ಬೆರಳಿಗೆ ಹಚ್ಚಿಕೊಂಡು ನೋಡಿದರು.

"ಏನಿದು?"

"ಬೆಳ್ಳಿ ಬಣ್ಣ."

"ಯಾರು ಬಳಿದದ್ದು?"

ನಂಜದೇವ ಇನ್ನೂ ಜೀಪಿನ ಕೆಳಗೇ ಇದ್ದ. ಉತ್ತರಿಸಲು ಅದು ಒಳ್ಳೆಯ ಜಾಗವೆನಿಸಿರಬೇಕು.

"ಆಯುಧಪೂಜೆಗೆ ನಾನೇ ಬಳಿದೆ, ಬುದ್ಧಿ. ರಾಡು ಬಿಚ್ಚಿ ಒಳಗಡೆಗೂ ಎರಡು ಕೋಟು ಹೊಡೆದೆ. ಕಣ್ಣಿಗೆ ಬೀಳದ ಜಾಗವೂ ಚೊಕ್ಕಟವಾಗಿರಲಿ ಅಂತ."

"ಬೋಲ್ಟಿಗೆ ಕಬ್ಬಿಣ ಸಿಗಲಿಲ್ಲ. ನಿನ್ನ ಭಕ್ತಿಯನ್ನೇ ಕಚ್ಚಿಕೊಂಡು ಕೂತಿತ್ತು. ಭಕ್ತಿ ಪುಡಿಯಾಯ್ತು, ಬೋಲ್ಟು ಸಡಿಲ ಆಯ್ತು."

ನಂಜದೇವ ಆ ಬಣ್ಣವನ್ನೆಲ್ಲ ಕೆರೆದ. ಬರಿಯ ಕಬ್ಬಿಣ ಕಾಣುವವರೆಗೆ ಕೆರೆದ. ಬೋಲ್ಟು ಒಂದು ಪಕ್ಕ ಸವೆದಿತ್ತು. ತೂತು ಇನ್ನೂ ದುಂಡಗೇ ಇತ್ತು, ಅದೊಂದು ಪುಣ್ಯ. ಡಬ್ಬಿಯಿಂದ ಹೊಸ ಬೋಲ್ಟು ತಂದು ಬಿಗಿಯತೊಡಗಿದ.

"ತಡಿ. ಚಕ್ರ ಇನ್ನೂ ಗಾಳಿಯಲ್ಲಿದೆ," ಎಂದರು ಸ್ವಾಮಿಗಳು. "ಜಾಕ್ ಇಳಿಸು. ಭಾರ ನೆಲಕ್ಕೆ ಬರಲಿ, ಆಮೇಲೆ ಬಿಗಿ."

ಇಳಿಸಿದ. ಬಿಗಿದ. ಎದ್ದು ಬಂದು ಎದುರು ನಿಂತ.

"ಬುದ್ಧಿ, ವಾಸಿಯಾಗಿರಲಿಲ್ಲ. ನನಗೆ ಗೊತ್ತಿತ್ತು."

"ಎಷ್ಟು ಟ್ರಿಪ್ಪಿಂದ?"

"ನಾಲ್ಕು."

"ನನಗ್ಯಾಕೆ ಹೇಳ್ತೀಯ? ಹೋದದ್ದು ನನ್ನ ಮುಕ್ಕಾಲು ಗಂಟೆ ಅಲ್ಲ."

ಮರುದಿನ ಫಾರೆಸ್ಟ್ ಗೇಟಿನ ಮುಂದೆ, ಆರು ಗಂಟೆಯಾಗುವುದನ್ನೇ ಕಾಯುತ್ತ, ನಂಜದೇವ ಪಕ್ಕದಲ್ಲಿದ್ದ ಪುಟ್ಟಮಾದಮ್ಮನಿಗೆ ಎಲ್ಲ ಹೇಳಿದ. ಬಣ್ಣ, ಬೋಲ್ಟು, ಮೂವತ್ತು. ಅವಳ ಕ್ಷೇಮಕ್ಕೆ ಎಂದದ್ದು ಸುಳ್ಳು ಎಂಬುದನ್ನೂ ಹೇಳಿದ.



"ಎರಡು ವಾರ ಚಪ್ಪಲಿಗೆ ಕಾಲು ಹಿಡಿಸಿಲ್ಲ ಕಣಪ್ಪ ನಂಗೆ," ಎಂದಳು.

"ತಪ್ಪಾಯ್ತಮ್ಮ."

"ಆಯ್ತಲ್ಲ. ಗೇಟು ತೆಗೆದ್ರು, ನಡಿ."

ಕಾಡು ದಾಟಿದ ಮೇಲೆ ರಸ್ತೆ ನೇರವಾಯಿತು. ಮುಳ್ಳು ಮೂವತ್ತು ದಾಟಿತು, ನಲವತ್ತು ದಾಟಿತು. ಐವತ್ತರಲ್ಲಿ ಒಂದು ಗುಂಡಿ ಬಂತು. ಜೀಪು ಒಮ್ಮೆ ಎದ್ದು ಕೂತು, ಏನೂ ನಡೆಯದ ಹಾಗೆ ಮುಂದೆ ಹೋಯಿತು. ನಂಜದೇವನ ಕೈಗಳು ಸ್ಟೀರಿಂಗಿನ ಮೇಲೆ ಸುಮ್ಮನೆ ಇದ್ದವು. ಅದನ್ನು ತೋರಿಸೋಣವೆಂದು ಪಕ್ಕಕ್ಕೆ ತಿರುಗಿದರೆ ಪುಟ್ಟಮಾದಮ್ಮ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು.

ಏಳೂವರೆಯ ಸರದಿಗೆ ಏಳೂಕಾಲಕ್ಕೇ ತಲುಪಿದರು. ಅವಳಿಗೆ ಆ ದಿನ ಪೂರ್ತಿ ನಾಲ್ಕು ಗಂಟೆ ಸಿಕ್ಕಿತು. ವಾಪಸು ಬರುವಾಗ ಚಪ್ಪಲಿ ಹಾಕಿಕೊಳ್ಳಲು ನೋಡಿದಳು. ಒಂದು ಕಾಲಿಗೆ ಹಿಡಿಸಿತು. ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡು, ದಾರಿಯುದ್ದಕ್ಕೂ ಅದರಿಂದಲೇ ಎಮ್ಮೆಗಳನ್ನೂ ಊರುಗಳನ್ನೂ ನಂಜದೇವನಿಗೆ ತೋರಿಸುತ್ತ ಬಂದಳು.

ಮಠದಲ್ಲಿ ಸ್ವಾಮಿಗಳು ಜಗುಲಿಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಪಕ್ಕದಲ್ಲಿ ಡ್ಯಾಂಪರ್ ಇಟ್ಟಲ್ಲೇ ಇತ್ತು.

ನಂಜದೇವ ಅದನ್ನು ಎತ್ತಿಕೊಂಡ. "ಇದು ಇನ್ನು ಬೇಡ ಅಲ್ವಾ ಬುದ್ಧಿ? ಎಸೆದುಬಿಡಲಾ?"

ಸ್ವಾಮಿಗಳು ಒಂದು ಕಡಲೆಕಾಯಿ ಬಿಡಿಸಿ ಬಾಯಿಗೆ ಹಾಕಿಕೊಂಡರು.

"ಯಾಕೆ ಎಸೀತೀಯ? ಹಾಕು. ಇನ್ನು ಅದಕ್ಕೆ ಮುಚ್ಚಿಡೋಕೆ ಏನೂ ಇಲ್ಲ."