ಕೆಂಪು ಹೊಳೆಯಲ್ಲಿ ಕೂತ ಹೆಪ್ಪವ್ವ

ಆಗ ಭೂಮಿ ಇನ್ನೂ ಹಸಿಹಸಿಯಾಗಿತ್ತು. ತಾವು ಎಲ್ಲಿ ನಿಲ್ಲಬೇಕು ಅನ್ನೋದು ಬೆಟ್ಟಗಳಿಗೇ ಗೊತ್ತಿರಲಿಲ್ಲ. ಗಾಳಿ, ನೀರು, ಹುಳಹುಪ್ಪಟೆ, ಎಲ್ಲಕ್ಕೂ ಮಾತು ಬರುತ್ತಿತ್ತು. ಜಗತ್ತಿಗೆಲ್ಲ ಒಬ್ಬಳೇ ಒಬ್ಬ ಪುಟ್ಟ ಹುಡುಗಿ, ಹೆಸರು ಕೆಂಚಿ. ಅವಳಿಗೊಬ್ಬಳು ಅವ್ವ.

ಕಣ್ಣಿಗೆ ಕಾಣದ ಸಣ್ಣ ಜೀವಿಗಳು, ಅದೇ ನೀವು ಶಾಲೆಯಲ್ಲಿ ಬ್ಯಾಕ್ಟೀರಿಯಾ ಅಂತ ಓದುತ್ತೀರಲ್ಲ ಅವು, ಭೂಮಿತಾಯಿಯ ಹತ್ತಿರ ಹೋಗಿ "ನಮಗೂ ಇರೋಕೆ ಜಾಗ ಕೊಡು" ಅಂದವು. ತಾಯಿ ಕೆಂಚಿಯ ಮೈಯಲ್ಲೇ ಹಂಚಿಕೊಟ್ಟಳು. ಕೆಲವರಿಗೆ ಚರ್ಮ, ಕೆಲವರಿಗೆ ಬಾಯಿ, ಬಹಳ ಜನಕ್ಕೆ ಹೊಟ್ಟೆಯೊಳಗಿನ ಕರುಳು. ಕೆಂಪು ಹೊಳೆಯನ್ನು ಮಾತ್ರ ಯಾರಿಗೂ ಕೊಡಲಿಲ್ಲ. ಕೆಂಪು ಹೊಳೆ ಅಂದರೆ ರಕ್ತ, ಇನ್ನೇನು!

ಕೆಂಚಿಯ ದವಡೆಹಲ್ಲಿನ ಬುಡದಲ್ಲಿ ಹೆಪ್ಪವ್ವ ಅಂತ ಒಬ್ಬಳಿದ್ದಳು. ಈ ಜನದ ಆಚಾರವೇ ಬೇರೆ. ಎಲ್ಲಿ ಆರಾಮಾಗಿ ಕೂರುತ್ತಾರೋ ಅಲ್ಲಿ ಒಬ್ಬರು ಇಬ್ಬರಾಗುತ್ತಾರೆ, ಇಬ್ಬರು ನಾಲ್ವರಾಗುತ್ತಾರೆ. ಹೆಪ್ಪವ್ವನಂತೂ ಹಾಲಿಗೆ ಬಿದ್ದ ಹೆಪ್ಪಿನ ಹಾಗೆ, ಕೂತಲ್ಲೇ ಊರು ಕಟ್ಟಿಬಿಡುವಳು. ಅದಕ್ಕೇ ಅವಳಿಗೆ ಆ ಹೆಸರು.

ಒಸಡಿನ ಗೋಡೆಗೆ ಕಿವಿಯಿಟ್ಟರೆ ಆಚೆ ಹೊಳೆಯ ಸದ್ದು ಕೇಳುತ್ತಿತ್ತು. "ಅಷ್ಟು ದೊಡ್ಡ ಹೊಳೆಯಲ್ಲಿ ಯಾರೂ ವಾಸವಿಲ್ಲ ಅಂದರೆ ನಂಬೋ ಮಾತೇನ್ರೇ?" ಅನ್ನುವಳು ಹೆಪ್ಪವ್ವ.

"ಯಾರೂ ಇಲ್ಲ ಕಣೇ, ಸುಮ್ಮನಿರು" ಅನ್ನುವರು ಅಕ್ಕಪಕ್ಕದವರು.

"ಇದ್ದಾರೆ!"

"ಇಲ್ಲ!"

ದಿನಾ ಇದೇ ಜಗಳ. ಒಂದು ದಿನ ಕೆಂಚಿ ಕಬ್ಬು ಸಿಗಿಯುವಾಗ ಸಿಪ್ಪೆ ಚುಚ್ಚಿ ಒಸಡು ಸೀಳಿತು. ಹೆಪ್ಪವ್ವ ಹಿಂದೆ ಮುಂದೆ ನೋಡಲಿಲ್ಲ, ಆ ಸಂದಿಯಲ್ಲಿ ನುಸುಳಿ ಹೊಳೆಗೆ ಬಿದ್ದೇ ಬಿಟ್ಟಳು.

ಅಬ್ಬಬ್ಬಾ! ಏನು ಹೇಳಲಿ! ಉದ್ದಕ್ಕೂ ಕೆಂಪು ದೋಣಿಗಳು, ಒಂದಾ ಎರಡಾ, ಮಳೆಹನಿಯನ್ನಾದರೂ ಎಣಿಸಬಹುದಿತ್ತು. ಒಂದೊಂದು ದೋಣಿಯಲ್ಲೂ ಒಂದು ಗುಟುಕು ಗಾಳಿ. "ನಾನು ಹೆಬ್ಬೆರಳಿಗೆ" ಅಂತ ಒಂದು ಗಾಳಿ ಕೂಗಿದರೆ "ನಾನು ಕಣ್ಣಿಗೆ" ಅಂತ ಇನ್ನೊಂದು. ಹೆಪ್ಪವ್ವ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಒಂದು ಪುಟ್ಟ ಹುಡುಗಿಯೊಳಗೆ ಇಷ್ಟೆಲ್ಲ ಇದೆಯಾ ಅಂತ ಅವಳಿಗೆ ಮೈ ಜುಮ್ಮೆಂದಿತು.

ಕರುಳಿನ ಕಡೆಯವನೊಬ್ಬ ತೇಲಿಬಂದ. "ಅಣ್ಣಾ, ನಿನ್ನ ಮನೆ ಇಲ್ಲೇನಾ?" ಅಂದಳು ಹೆಪ್ಪವ್ವ.

"ಇಲ್ಲಮ್ಮ, ದಾರಿ ತಪ್ಪಿ ಬಂದೆ, ಹೋಗ್ತಿದೀನಿ." ಅಷ್ಟರಲ್ಲಿ ಹೊಳೆ ಕಾಯುವ ಬಿಳಿ ಕಾವಲುಗಾರ ಬೆಳ್ಳಯ್ಯ ಬಂದು ಅವನನ್ನು ತಬ್ಬಿ ನುಂಗಿಬಿಟ್ಟ. ಹೆಪ್ಪವ್ವ ಎದ್ದುಬಿದ್ದು ಓಡಿದಳು.

ಓಡಿ ಓಡಿ ಗುಂಡಿಗೆಗೆ ಬಂದಳು. ತೆರೆದು ಮುಚ್ಚುವ ದೊಡ್ಡ ಬಾಗಿಲುಗಳು! ಒಂದು ಬಾಗಿಲ ಮಡಿಕೆಯಲ್ಲಿ ನೀರಿನ ಸೆಳೆತ ಇರಲಿಲ್ಲ. ಕಾಲು ಸೋತಿತ್ತು ಪಾಪ, ಕೂತಳು. ಕೂತಳು ಅಂದಮೇಲೆ ಕೇಳಬೇಕೆ? ಇಬ್ಬರಾದಳು, ನಾಲ್ವರಾದಳು, ನೂರಾದಳು, ಸಾವಿರವಾದಳು.

"ನೋಡ್ರೇ, ಹೊಳೆಯಲ್ಲಿ ಊರು ಆಯ್ತು!" ಅಂತ ಕುಣಿದಳು.

ಹೊಳೆ ಬಿಸಿಯಾಯಿತು. ಕಾದ ಹಂಚಿನ ಹಾಗೆ ಕೆಂಚಿಯ ಮೈ ಸುಡತೊಡಗಿತು. ನಾಲ್ಕು ದಿನ ಅವಳು ಕಣ್ಣು ಬಿಡಲಿಲ್ಲ.

"ಹೆಪ್ಪವ್ವ ತಾಯಿ," ಅಂತು ಗುಂಡಿಗೆ, ಏದುಸಿರು ಬಿಡುತ್ತಾ. "ನನ್ನ ಬಾಗಿಲು ಮುಚ್ಚೋಕೆ ಆಗ್ತಿಲ್ಲ. ನಾನು ನಿಂತರೆ ಈ ಮಗು ಉಳಿಯಲ್ಲ. ಚರ್ಮ, ಬಾಯಿ, ಕರುಳು, ನಿಮ್ಮ ಎಲ್ಲ ಊರೂ ತಣ್ಣಗಾಗ್ತವೆ."

ಹೊರಗಿಂದ ಒಂದು ದನಿ ಕೇಳಿತು. "ಕೆಂಚೀ, ಒಂದ್ಸಲ ಅವ್ವಾ ಅನ್ನೇ. ನೀನೊಬ್ಬಳೇ ನನಗೆ ಇರೋದು..." ಇಂಥ ಅದ್ಭುತವನ್ನು ನಾನು ಕೂತು ನಿಲ್ಲಿಸುತ್ತಿದ್ದೇನಲ್ಲ ಅಂತ ಹೆಪ್ಪವ್ವ ಅತ್ತಳು.

"ಏಳಿ ಮಕ್ಕಳೇ" ಅಂದಳು.

"ನಾವು ಇಲ್ಲೇ ಹುಟ್ಟಿದ್ದು ಅವ್ವಾ!"

"ಗೊತ್ತು ಕಂದಾ. ಏಳಿ."

ಒಬ್ಬೊಬ್ಬರೇ ಎದ್ದರು. ಹೊಳೆ ಅವರನ್ನು ಸೆಳೆದುಕೊಂಡಿತು. ಬೆಳ್ಳಯ್ಯನ ಕಡೆಯವರು ಎಷ್ಟೋ ಜನರನ್ನು ನುಂಗಿದರು, ಬೆರಳೆಣಿಕೆಯಷ್ಟು ಜನ ಬಾಯಿಯ ಊರು ಸೇರಿದರು. ಕೊನೆಗೆ ಹೆಪ್ಪವ್ವನೂ ಎದ್ದಳು.

"ಗುಂಡಿಗೆಯಪ್ಪಾ, ಇನ್ನು ಮೇಲೆ ನಮ್ಮವರು ಕಾಲು ಜಾರಿ ಇಲ್ಲಿಗೆ ಬಿದ್ದರೆ?"

"ದಾರಿಹೋಕರಾಗಿ ಹಾದುಹೋಗಲಿ. ಕೂರಬಾರದು ಅಷ್ಟೇ. ಅವರು ಮರೀತಾರೆ, ನಾನೇ ಬಿಡದೆ ಹೇಳ್ತಾ ಇರ್ತೀನಿ."

ಹೆಪ್ಪವ್ವ ತಲೆಯಾಡಿಸಿ, ತಾನಾಗಿಯೇ ಬೆಳ್ಳಯ್ಯನ ತೋಳಿನೊಳಗೆ ಹೋದಳು. ಹೊರಗೆ ಕೆಂಚಿಯ ಹಣೆ ಬೆವರಿತು. "ಅವ್ವಾ, ಗಂಜಿ" ಅಂದಳು. ಅವಳವ್ವ ಅತ್ತಿದ್ದೇ ಅತ್ತಿದ್ದು.

ಓದಿದವರು ಇವತ್ತಿಗೂ ಒಂದು ತೊಟ್ಟು ರಕ್ತ ತೆಗೆದು, ಸೂಕ್ಷ್ಮದರ್ಶಕದಲ್ಲಿ ಇಣುಕಿ ವಾದ ಮಾಡುತ್ತಾರೆ. ಒಂದು ತೊಟ್ಟಿನಲ್ಲಿ ಯಾರೋ ಸಿಗುತ್ತಾರೆ, "ಇವರ ಮನೆಯೇ ಇದು" ಅನ್ನುತ್ತಾರೆ. ಇನ್ನೊಂದರಲ್ಲಿ ಯಾರೂ ಇಲ್ಲ, "ಮೊದಲು ಸಿಕ್ಕವರು ಬರೀ ದಾರಿಹೋಕರು" ಅನ್ನುತ್ತಾರೆ. ಮಾಡಲಿ ಬಿಡು, ಅಷ್ಟು ದೊಡ್ಡ ಹೊಳೆಯನ್ನು ಪೂರ್ತಿ ನೋಡಿದವರು ಯಾರಿದ್ದಾರೆ?

ನಿನ್ನ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನೋಡು ಮಗಾ, ಅಲ್ಲಿ ಟುಕ್ ಟುಕ್ ಅಂತ ಬಡಿಯುತ್ತಲ್ಲ, ಅದು ಗುಂಡಿಗೆ ಅವತ್ತಿಂದ ಒಂದು ಸಲವೂ ಸುಮ್ಮನಾಗದೆ, ಕಾಣದ ದಾರಿಹೋಕರಿಗೆ "ನಡಿ, ನಡಿ" ಅನ್ನುತ್ತಿರುವ ಸದ್ದು.