ಗವಿಯೊಳಗಿನ ಕ್ಷೌರ

“ಗುರುಗಳೇ, ಬೇಕಾದದ್ದು ಸಿಗದ ದಿನ ಕೆಲಸ ನಿಲ್ಲಿಸಿದರೆ ತಪ್ಪೇ?” ಎಂದು ಶಿಷ್ಯ ಕೇಳಿದ.

ಆಗ ಮಾಘಮಾಸ. ಮಠದ ಬಚ್ಚಲಿನ ಹಂಡೆ ತೂತಾಗಿ ನಾಲ್ಕು ದಿನವಾಗಿತ್ತು. ಬಿಸಿನೀರಿಲ್ಲವೆಂದು ಶಿಷ್ಯ ಸ್ನಾನ ಬಿಟ್ಟಿದ್ದ. ಸ್ನಾನವಾಗಿಲ್ಲವೆಂದು ಬೆಳಗಿನ ಪಾಠವನ್ನೂ ಬಿಟ್ಟಿದ್ದ. ಗುರುಗಳಿಗೆ ಇದು ತಿಳಿದಿತ್ತು. ಅದರ ಮಾತೆತ್ತದೆ ಅವರು ಕತೆಗೆ ತೊಡಗಿದರು.

ಒಂದು ಊರಿನ ಮೇಲೆ ಲೂಟಿಕೋರರ ದಂಡು ಬಂದಿತು. ಜನ ಕೈಗೆ ಸಿಕ್ಕಿದ್ದನ್ನು ಹಿಡಿದು ಬೆಟ್ಟ ಹತ್ತಿದರು, ಅಲ್ಲಿದ್ದ ಗವಿಯೊಂದರಲ್ಲಿ ಅಡಗಿದರು. ಒಬ್ಬಳು ಅಕ್ಕಿಯ ಗಂಟು ತಂದಿದ್ದಳು. ಒಬ್ಬ ಕರು ಹೊತ್ತು ತಂದಿದ್ದ. ಊರಿನ ಕ್ಷೌರಿಕ ತನ್ನ ಹಡಪ ತಂದಿದ್ದ. ಅದರಲ್ಲಿ ಒಂದು ಕತ್ತಿ, ಒಂದು ಸಾಣೆಕಲ್ಲು, ಒಂದು ಬಟ್ಟಲು ಇದ್ದವು.

ಎಲ್ಲರಿಗಿಂತ ಕೊನೆಗೆ ಬಂದವನು ಒಬ್ಬ ನೇಕಾರ. ನಡೆಯಲಾರದ ಮುದುಕಿಯೊಬ್ಬಳು ಹಿಂದೆ ಉಳಿದಿದ್ದಾಳೆಂದು ತಿಳಿದು ಅವನು ಊರಿಗೆ ಮರಳಿ ಹೋಗಿದ್ದ. ಅವಳನ್ನು ಬೆನ್ನಮೇಲೆ ಹೊತ್ತು ಬರುವಾಗ ಕವಣೆಯ ಕಲ್ಲೊಂದು ಅವನಿಗೆ ಬಡಿಯಿತು. ಕಿವಿಯ ಮೇಲಿಂದ ದವಡೆಯವರೆಗೆ ಚರ್ಮ ಹರಿಯಿತು. ಆದರೂ ಅವನು ಮುದುಕಿಯನ್ನು ಕೆಳಗಿಳಿಸಲಿಲ್ಲ. ಗವಿಯ ಬಾಯಿಗೆ ಬಂದು ಅವಳನ್ನು ಇಳಿಸಿ, ಅಲ್ಲಿಯೇ ಕುಸಿದ.

ಬೆಳಗಾಗುವಾಗ ಅವನ ತಲೆಗೂದಲೂ ಗಡ್ಡವೂ ರಕ್ತ ಹೆಪ್ಪುಗಟ್ಟಿ ಕಲ್ಲಿನಂತಾಗಿದ್ದವು. ಊರಿನ ವೈದ್ಯ ಗಾಯವನ್ನು ನೋಡಿದ. ಸೊಪ್ಪು ಅರೆದು ಕಟ್ಟಬಲ್ಲೆ, ಆದರೆ ಕೂದಲಿನ ಮೇಲೆ ಕಟ್ಟಿದರೆ ಒಳಗೆ ಕೀವಾಗುತ್ತದೆ, ಮೊದಲು ಕೂದಲು ತೆಗೆಯಬೇಕು ಎಂದ. ಇವತ್ತೇ ತೆಗೆಯದಿದ್ದರೆ ಮನುಷ್ಯ ಉಳಿಯುವುದಿಲ್ಲ ಎಂದೂ ಹೇಳಿದ.

ಕ್ಷೌರಿಕ ಹಡಪ ಬಿಚ್ಚಿದ. ಅಭ್ಯಾಸಬಲದಿಂದ ಒಂದು ಚೊಂಬು ಬಿಸಿನೀರು ಕೇಳಿದ. ಊರಿನ ಗೌಡ ಗವಿಯ ಬಾಯಿಂದ ಕೆಳಗೆ ಕೈ ತೋರಿಸಿದ. ಹಳ್ಳದ ಆಚೆ ದಂಡಿನ ಕುದುರೆಗಳು ಮೇಯುತ್ತಿದ್ದವು. ಒಂದೆಳೆ ಹೊಗೆ ಎದ್ದರೂ ಅವರು ಬೆಟ್ಟ ಹತ್ತುತ್ತಿದ್ದರು. ಗವಿಯಲ್ಲಿ ಎಂಬತ್ತು ಜೀವಗಳಿದ್ದವು. ಕ್ಷೌರಿಕ ಮತ್ತೆ ಬಿಸಿನೀರು ಕೇಳಲಿಲ್ಲ.

ಬಂಡೆಯ ಕುಳಿಯೊಂದರಲ್ಲಿ ನೀರಿತ್ತು. ಬೆರಳಿಟ್ಟರೆ ಬೆರಳು ಮರಗಟ್ಟುವಷ್ಟು ತಣ್ಣಗಿತ್ತು. ಹೊಗೆಯ ಭಯ ಒಂದಾದರೆ ಕೂಗಿನ ಭಯ ಇನ್ನೊಂದು. ನೋವು ತಾಳಲಾರದೆ ನೇಕಾರ ಒಮ್ಮೆ ಕಿರುಚಿದರೆ ಸಾಕು, ಕೆಳಗಿನವರಿಗೆ ಕೇಳುತ್ತಿತ್ತು. ಇಬ್ಬರು ಅವನ ಬಾಯಿಗೆ ಬಟ್ಟೆ ತುರುಕಲು ಬಂದರು. ಕ್ಷೌರಿಕ ಬೇಡವೆಂದ. ಉಸಿರು ಕಟ್ಟಿದರೆ ಮನುಷ್ಯ ತಲೆ ಕೊಡವುತ್ತಾನೆ, ಆಗ ಕತ್ತಿ ಎಲ್ಲಿ ಹೋಗುತ್ತದೆಂದು ಹೇಳಲಾರೆ ಎಂದ. ನೇಕಾರನ ಹೆಂಡತಿಯನ್ನು ಕರೆದು, ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂರಲು ಹೇಳಿದ.

ಕ್ಷೌರಿಕ ಬಟ್ಟೆಯ ತುಂಡೊಂದನ್ನು ನೀರಿನಲ್ಲಿ ಅದ್ದಿ ಹಿಂಡಿ, ತನ್ನ ಕಂಕುಳಲ್ಲಿ ಇಟ್ಟುಕೊಂಡ. ಅದು ಮೈಶಾಖಕ್ಕೆ ಬೆಚ್ಚಗಾದ ಮೇಲೆ ತೆಗೆದು ಗಡ್ಡದ ಮೇಲೆ ಹರಡಿದ. ಆರಿದಾಗ ಮತ್ತೆ ಅದ್ದಿದ, ಮತ್ತೆ ಕಂಕುಳಲ್ಲಿ ಇಟ್ಟುಕೊಂಡ. ಹೀಗೆ ಎಷ್ಟು ಸಲ ಮಾಡಿದನೋ ಯಾರೂ ಎಣಿಸಲಿಲ್ಲ. ಅವನ ಮೈ ನಡುಗುತ್ತಿತ್ತು. ನಡುಕ ನಿಲ್ಲುವ ತನಕ ಕತ್ತಿ ಮುಟ್ಟುತ್ತಿರಲಿಲ್ಲ. ಕತ್ತಿಯನ್ನು ಮಸೆದು, ಮೊದಲು ತನ್ನ ಮೊಣಕಾಲ ಕೆಳಗೆ ಎಳೆದು ನೋಡುತ್ತಿದ್ದ. ಅಲ್ಲಿ ಉರಿದರೆ ಮತ್ತೆ ಮಸೆಯುತ್ತಿದ್ದ. ನೇಕಾರ ಉಸಿರು ಬಿಡುವಾಗ ಕತ್ತಿ ಎಳೆಯುತ್ತಿದ್ದ, ಉಸಿರು ಎಳೆದುಕೊಳ್ಳುವಾಗ ಎತ್ತುತ್ತಿದ್ದ. ಒಂದು ಎಳೆತಕ್ಕೆ ಒಂದು ಗೋಧಿಕಾಳಿನಷ್ಟು ಜಾಗ.

ಹೊತ್ತು ಏರಿತು. ಅರ್ಧ ಗಡ್ಡವೂ ಮುಗಿದಿರಲಿಲ್ಲ. ಗೌಡ ಹತ್ತಿರ ಬಂದು, “ಇನ್ನೆಷ್ಟು ಹೊತ್ತಯ್ಯಾ?” ಎಂದು ಪಿಸುಗುಟ್ಟಿದ.

“ನಾನು ಅವಸರ ಮಾಡಿದರೆ ಇವನು ಕೂಗುತ್ತಾನೆ, ಗೌಡರೇ,” ಎಂದ ಕ್ಷೌರಿಕ.

ಗೌಡ ಹಿಂದೆ ಸರಿದು ಕೂತ.

ನಡುಮಧ್ಯಾಹ್ನ ದಂಡಿನವರು ಕುದುರೆಗಳಿಗೆ ನೀರು ಕುಡಿಸಲು ಹಳ್ಳ ದಾಟಿ ಗವಿಯ ಕೆಳಗೇ ಬಂದರು. ಅವರ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ತಾಯಂದಿರು ಕೂಸುಗಳನ್ನು ಎದೆಗೆ ಒತ್ತಿಕೊಂಡರು. ಆಗ ಕತ್ತಿ ಗಾಯದ ಅಂಚಿನಲ್ಲಿತ್ತು. ಅಂಟಿದ ಕೂದಲು ಅರ್ಧ ಬಿಟ್ಟಿತ್ತು. ಮುಂದೆ ಎಳೆದರೂ ನೋವು, ಎತ್ತಿದರೂ ನೋವು. ಕ್ಷೌರಿಕ ಕೈಯನ್ನು ಇದ್ದಲ್ಲಿಯೇ ನಿಲ್ಲಿಸಿದ. ನೇಕಾರ ಅವನ ಮುಖವನ್ನೇ ನೋಡುತ್ತಿದ್ದ. ಅವನೂ ನೇಕಾರನ ಕಣ್ಣಿನಿಂದ ಕಣ್ಣು ತೆಗೆಯಲಿಲ್ಲ. ಕುದುರೆಗಳು ನೀರು ಕುಡಿದು ತಿರುಗಿ ಹೋಗುವಷ್ಟು ಹೊತ್ತೂ ಆ ಕೈ ಕೂದಲೆಳೆಯಷ್ಟು ಅಲುಗಲಿಲ್ಲ. ನೇಕಾರ ಕೂಗಲಿಲ್ಲ.

ದಂಡು ದೂರವಾದ ಮೇಲೆ ಕ್ಷೌರಿಕ ಕತ್ತಿಯನ್ನು ಮುಂದಕ್ಕೆ ಎಳೆದ. ತಲೆಯ ಕೂದಲು ತೆಗೆಯುವಾಗ ನೇಕಾರ ಹೆಂಡತಿಯ ತೊಡೆಯ ಮೇಲೆ ನಿದ್ದೆ ಹೋಗಿದ್ದ. ವೈದ್ಯ ಸೊಪ್ಪು ಅರೆದು ಕಟ್ಟಿದ. ಮೂರನೆಯ ದಿನ ದಂಡು ಹೊರಟುಹೋಯಿತು. ಊರವರು ಬೆಟ್ಟ ಇಳಿದರು. ನೇಕಾರ ಅವರ ಜೊತೆ ನಡೆದೇ ಇಳಿದ.

ಕ್ಷೌರ ಮುಗಿದ ದಿನ ಸಂಜೆ ಗವಿಯಲ್ಲಿ ಗೌಡ ಕ್ಷೌರಿಕನ ಪಕ್ಕದಲ್ಲಿ ಕೂತಿದ್ದ. ಅವನ ಕಾಲಿನ ಮೇಲೆ ಕತ್ತಿಯ ಗೀರುಗಳನ್ನು ಕಂಡು, ತನ್ನ ಕಂಬಳಿಯನ್ನು ತೆಗೆದು ಅವನಿಗೆ ಹೊದಿಸಿದ. ಇದನ್ನು ಹೇಗೆ ಮಾಡಿದೆ ಎಂದು ಕೇಳಿದ.

“ನಮ್ಮ ಕೆಲಸದಲ್ಲಿ ಅರ್ಧವನ್ನು ಬಿಸಿನೀರು ಮಾಡುತ್ತದೆ,” ಎಂದ ಕ್ಷೌರಿಕ. “ಇವತ್ತು ಆ ಅರ್ಧವನ್ನೂ ನಾನೇ ಮಾಡಬೇಕಾಯಿತು. ಅದಕ್ಕೇ ತಡವಾಯಿತು, ಗೌಡರೇ.”

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು. ಅಂಥ ಕಷ್ಟ ಎದುರಾದಾಗ ಮನುಷ್ಯನಿಗೆ ಅಂಥ ಕೈ ತಾನಾಗಿ ಬಂದುಬಿಡುತ್ತದೆ, ನನಗೂ ಅಂಥ ದಿನ ಬಂದರೆ ಹಾಗೆಯೇ ಮಾಡುತ್ತೇನೆ ಎಂದ.

“ಊರಿನಲ್ಲಿ ಬಿಸಿನೀರು ಧಾರಾಳವಾಗಿದ್ದ ಮೂವತ್ತು ವರ್ಷವೂ ಅವನು ದಿನವೂ ಅಷ್ಟೇ ಜೋಪಾನದ ಕೈಯಿಂದ ಕ್ಷೌರ ಮಾಡುತ್ತಿದ್ದ, ಮಗು,” ಎಂದರು ಗುರುಗಳು.